ಅಳೀರಿ, ಓದ್ಬೇಡಿ

ಮಾರ್ಚ್ ೪, ಸೋಮವಾರ

ಯೂನಿವರ್ಸಿಟಿಯ ಪ್ರಬಂಧ ವಿಭಾಗದ ನನ್ನ ಟೇಬಲ್ಲಿಗೆ ಬೆಳಿಗ್ಗೆಯಿಂದ ಏಳು ಪಿಎಚ್.ಡಿ. ಥೀಸಿಸ್. ಐದು ವಾಪಸ್. ಎಡಕ್ಕೆ ಒಂದೂವರೆ ಇಂಚು, ಉಳಿದ ಮೂರು ಕಡೆ ಒಂದೊಂದು ಇಂಚು — ಇಷ್ಟು ಜಾಗ ಬಿಡಲು ಏನು ಧಾಡಿ ಈ ಜನಕ್ಕೆ? ಆರು ವರ್ಷ ಕೆಸರಲ್ಲಿ ಕೂತು ಕಪ್ಪೆಗಳ ಕೂಗು ಅಳೆದಿದ್ದಾನೆ ಮಹರಾಯ. ಒಂದು ಹಾಳೆ ಅಳೆಯಲು ಬರುವುದಿಲ್ಲ.

ಯಾರ ಹೆಸರೂ ನೆನಪಿರುವುದಿಲ್ಲ ನನಗೆ. ವಿಷಯ ನೆನಪಿರುತ್ತದೆ. ಅದಕ್ಕೇ ನನ್ನ ಪಾಲಿಗೆ ಅವರು ಕಪ್ಪೆ, ಸೇತುವೆ, ನರ್ಸುಗಳ ನಿದ್ದೆ, ಹಳೇ ಲಾಲಿಹಾಡು. "ಕಪ್ಪೆ, ಒಳಗೆ ಬನ್ನಿ" ಎಂದು ಕೂಗಿದರೆ ಗಡ್ಡ ಬಿಟ್ಟ ಮನುಷ್ಯ ತೆಪ್ಪಗೆ ಎದ್ದು ಬರುತ್ತಾನೆ.

ಸೂಪರಿಂಟೆಂಡೆಂಟರು ಇವತ್ತೂ ಬೆನ್ನ ಹಿಂದೆ ಬಂದು ನಿಂತರು. ನರ್ಸುಗಳ ನಿದ್ದೆ ಓದುತ್ತಿದ್ದೆ, ಸಿಕ್ಕಿಬಿದ್ದೆ. "ಮೇಡಂ, ಅಳೀರಿ. ಓದ್ಬೇಡಿ." ಹದಿಮೂರು ವರ್ಷದಿಂದ ಅದೇ ರಾಗ.

ಮನೆಯಲ್ಲಿ ಅತ್ತೆ ಕಾದಿದ್ದರು. ಕಣ್ಣು ಮಂಜಾದ ಮೇಲೆ ದಿನಾ ಸಂಜೆ ಇದೇ ಪ್ರಶ್ನೆ — "ಇವತ್ತು ಯಾರು ಡಾಕ್ಟರ್ ಆದ್ರು?" ಕಪ್ಪೆ ಕತೆ ಹೇಳಿದೆ. "ಗಂಡು ಕಪ್ಪೆ ಮಾತ್ರ ಕೂಗೋದಂತೆ ಅತ್ತೆ" ಅಂದೆ. "ನಮ್ಮನೇಲೂ ಅಷ್ಟೇ ಅಲ್ವೇನೇ" ಅಂದರು. ಇವರು ಪೇಪರಿನಿಂದ ತಲೆ ಎತ್ತಲಿಲ್ಲ.

ಮಾರ್ಚ್ ೬, ಬುಧವಾರ

ಚರಿತ್ರೆ ವಿಭಾಗದಿಂದ 'ದೋಣಿ' ಬಂದಿದ್ದಳು. ಸ್ಕೂಲ್ ಟೀಚರ್. ಪಾಠ ಮುಗಿಸಿ, ಕೈಯಲ್ಲಿ ಚಾಕ್‌ಪೀಸ್ ಪುಡಿ ಇರುವಾಗಲೇ ಓಡಿಬರುತ್ತಾಳೆ. ಏಳನೇ ವರ್ಷ ನಡೆಯುತ್ತಿದೆ ಅವಳ ರಿಸರ್ಚ್.

ಪರೀಕ್ಷಕರ ಪತ್ರ ತೋರಿಸಿದಳು. ಅವಳ ಥೀಸಿಸ್ ನಿಂತಿರುವುದು ಒಂದೇ ಪುಸ್ತಕದ ಮೇಲೆ — ಒಬ್ಬ ದೋಣಿಯವನು ನಲವತ್ತಮೂರು ವರ್ಷ ಬರೆದಿಟ್ಟದ್ದು. ವರ್ಷಕ್ಕೊಂದೇ ನಮೂದು: ಈ ಸಲ ನದಿ ನೀರು ಎಷ್ಟನೇ ಮೆಟ್ಟಿಲಿನವರೆಗೆ ಏರಿತು. ಆದರೆ ಇಸವಿ ಇಲ್ಲ. ಇಸವಿ ಇದ್ದ ಮೊದಲ ಹಾಳೆಗಳು ಗೆದ್ದಲಿನ ಹೊಟ್ಟೆ ಸೇರಿವೆ. ಇವಳು ಅಕ್ಷರದ ಶೈಲಿ ನೋಡಿ ಅಂದಾಜು ಕಾಲ ಹೇಳಿದ್ದಳು. "ಅಂದಾಜು ಸಾಕ್ಷಿ ಅಲ್ಲ. ಕಾಲ ಸಾಬೀತುಪಡಿಸಿ, ಇಲ್ಲವೇ ಪುಸ್ತಕ ಕೈಬಿಡಿ" ಎಂದಿದ್ದಾರೆ. ಕೈಬಿಟ್ಟರೆ ಐದು ಅಧ್ಯಾಯದಲ್ಲಿ ಮೂರು ಹೋಯಿತು. ಇದೇ ೨೮ ಕೊನೆಯ ದಿನ. ಆಮೇಲೆ ರಿಜಿಸ್ಟ್ರೇಷನ್ನೇ ರದ್ದು.

"ಏಳು ವರ್ಷ ಮೇಡಂ. ಮಗಳಿಗೆ ಇದು ಮುಗಿದ ತಕ್ಷಣ ಈಜು ಕಲಿಸ್ತೀನಿ ಅಂದಿದ್ದೆ. ಅವಳೇ ಕಲ್ತುಬಿಟ್ಲು." ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

ಅವಳು ಹೋದಮೇಲೆ ಅವಳ ಥೀಸಿಸ್ ಪ್ರತಿಯನ್ನು ಅಳೆಯುವ ನೆಪದಲ್ಲಿ ಓದಿದೆ. "ಈ ವರ್ಷ ಹನ್ನೊಂದನೇ ಮೆಟ್ಟಿಲು. ಎರಡು ಕೋಳಿ, ಒಂದು ಬಾಗಿಲು ತೇಲಿಬಂದವು. ಬಾಗಿಲು ಇಟ್ಟುಕೊಂಡೆ." ಎಂಥ ಮನುಷ್ಯ! ಕೋಳಿ ಏನಾದವು ಅಂತ ಬರೆದಿಲ್ಲ.

ಮಾರ್ಚ್ ೭, ಗುರುವಾರ. ಊಟದ ಹೊತ್ತು

ಹನ್ನೊಂದು, ಹನ್ನೆರಡು, ನಾಲ್ಕು, ಹದಿನಾಲ್ಕು, ಮೂರು, ಮೂರು, ಒಂಬತ್ತು... ಬಸ್ಸಿನಲ್ಲೂ ಇದೇ ತಲೆಯಲ್ಲಿ. ಈ ಏರಿಳಿತ ಎಲ್ಲೋ ನೋಡಿದ್ದೇನೆ. ಎಲ್ಲಿ?

ಅದೇ ದಿನ, ೪ ಗಂಟೆ

ಮರ! ಸಸ್ಯಶಾಸ್ತ್ರದ 'ಮರ'!

ಹೋದ ತಿಂಗಳು ಬಂದಿದ್ದ ಥೀಸಿಸ್. ನದೀತೀರದ ಹಳೇ ಮರಗಳ ಉಂಗುರ ಎಣಿಸಿದ್ದಾನೆ. ನೀರು ಸಿಕ್ಕ ವರ್ಷ ಉಂಗುರ ಅಗಲ, ಸಿಗದ ವರ್ಷ ಸಣ್ಣ. ನೂರಾ ಎಂಬತ್ತು ವರ್ಷದ್ದೊಂದು ಉದ್ದನೆ ಗ್ರಾಫ್, ಮಡಚಿ ಅಂಟಿಸಿದ್ದು. ಮಾರ್ಜಿನ್ ಮೀರಿದೆ ಅಂತ ಮೂರು ಸಲ ವಾಪಸ್ ಕಳಿಸಿದ್ದೆ. ಅವನ ಗೈಡಿಗಿಂತ ಹೆಚ್ಚು ಸಲ ಆ ಗ್ರಾಫನ್ನು ನೋಡಿದವಳು ನಾನೇ. ಮತ್ತೆ — ನದಿ ಅದೇ. ಎರಡು ವಿಭಾಗಕ್ಕೂ ನಡುವೆ ಒಂದು ಸೈಕಲ್ ಸ್ಟ್ಯಾಂಡ್. ಏಳು ವರ್ಷದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸಿಲ್ಲ.

ಕಪಾಟಿನಿಂದ ಮರದ ಪ್ರತಿ ತೆಗೆದೆ. ಮಾರ್ಜಿನ್ ಅಳೆಯಲು ನನ್ನ ಹತ್ತಿರ ಪಾರದರ್ಶಕ ಹಾಳೆ ಇದೆಯಲ್ಲ, ಅಂಥದ್ದೇ ಹೊಸದೊಂದರಿಂದ ಪಟ್ಟಿ ಕತ್ತರಿಸಿದೆ. ಗ್ರಾಫಿನಲ್ಲಿ ವರ್ಷಕ್ಕೆ ಅರ್ಧ ಸೆಂಟಿಮೀಟರ್. ಅಷ್ಟಷ್ಟೇ ದೂರದಲ್ಲಿ, ಕೆಂಪು ಪೆನ್ನಿನಲ್ಲಿ, ನೀರು ಏರಿದ ಮೆಟ್ಟಿಲಿಗೆ ತಕ್ಕ ಎತ್ತರಕ್ಕೆ, ದೋಣಿಯವನ ನಲವತ್ತಮೂರು ಮೆಟ್ಟಿಲು — ನಲವತ್ತಮೂರು ಚುಕ್ಕಿ. ಗ್ರಾಫಿನ ಮೇಲಿಟ್ಟು ಮೆಲ್ಲಗೆ ಸರಿಸಿದೆ. ಸರಿಸಿದೆ. ಸರಿಸಿದೆ...

ಕೂತವು. ಇಪ್ಪತ್ತಾರು ಚುಕ್ಕಿ, ಒಂದರ ಹಿಂದೊಂದು, ಗ್ರಾಫಿನ ಗೆರೆಯ ಮೇಲೇ. ನೀರು ಕುಡಿದು ಬಂದೆ.

ಇಪ್ಪತ್ತೇಳರಿಂದ ಆಚೆ ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ. ಒಂದೂ ಹೊಂದುವುದಿಲ್ಲ.

ಇರಲಿ. ಇಪ್ಪತ್ತಾರು ಕಡಿಮೆಯೇ? ಸೋಮವಾರವೇ ಇಬ್ಬರನ್ನೂ ಕರೆಸುತ್ತೇನೆ.

ಮಾರ್ಚ್ ೧೧, ಸೋಮವಾರ

ಮಾನ ಹೋಯಿತು.

ದೋಣಿ, ಮರ ಇಬ್ಬರನ್ನೂ ಕರೆದುಕೊಂಡು ಮರದ ಗೈಡಿನ ಕೋಣೆಗೆ ಹೋದೆ. ಪಟ್ಟಿ ಇಟ್ಟು ತೋರಿಸಿದೆ. ದೊಡ್ಡ ಪ್ರೊಫೆಸರ್, ಕೂಗಾಡಲಿಲ್ಲ, ನಕ್ಕರು. ಅದೇ ಹೊಟ್ಟೆ ಉರಿಸಿದ್ದು. "ಮೇಡಂ, ಮೋಡದಲ್ಲಿ ಆನೆ ಕಾಣುತ್ತೆ. ಹಾಗಂತ ಹಗ್ಗ ಹಿಡ್ಕೊಂಡು ಹೊರಡೋಕಾಗುತ್ತಾ? ಹದಿನೇಳು ಚುಕ್ಕಿ ಹೊರಗಿದೆಯಲ್ಲ."

ಮರ ಏನೋ ಹೇಳಹೋದ, ಗೈಡ್ ಕಣ್ಣು ಬಿಟ್ಟರು.

ಸುದ್ದಿ ನನಗಿಂತ ಮೊದಲು ನನ್ನ ಟೇಬಲ್ಲಿಗೆ ಬಂದಿತ್ತು. ಸೂಪರಿಂಟೆಂಡೆಂಟರ ಮೆಮೊ, ಟೈಪ್ ಮಾಡಿದ್ದು. ಕರ್ತವ್ಯಕ್ಕೆ ಸಂಬಂಧಿಸದ ವಿಷಯಗಳಲ್ಲಿ ಮೂಗು ತೂರಿಸತಕ್ಕದ್ದಲ್ಲ. ಸಹಿ ಹಾಕಿ ತೆಗೆದುಕೊಂಡೆ.

ಗೇಟಿನ ಹತ್ತಿರ ದೋಣಿ ಕೈ ಹಿಡಿದುಕೊಂಡಳು. "ಬಿಡಿ ಮೇಡಂ. ನೀವೊಬ್ರಾದ್ರೂ ಓದಿದ್ರಲ್ಲ." ಈ ಮಾತಿಗಿಂತ ಮೆಮೊ ಎಷ್ಟೋ ಮೇಲು.

ಅತ್ತೆಗೆ ಇವತ್ತು ಯಾರೂ ಡಾಕ್ಟರ್ ಆಗಲಿಲ್ಲ ಅಂದೆ.

ಮಾರ್ಚ್ ೧೮, ಸೋಮವಾರ. ೧೧ ಗಂಟೆ

ಒಂದು ವಾರ ಏನೂ ಬರೆದಿಲ್ಲ. ಅಳೆದೆ, ಅಷ್ಟೇ. ಕುರಿಯ ಹಾಗೆ ತಲೆ ತಗ್ಗಿಸಿ ಅಳೆದೆ.

ಇವತ್ತು ಕಪ್ಪೆ ಮತ್ತೆ ಬಂದ. ಮಾರ್ಜಿನ್ ಈ ಸಲ ಲಕ್ಷಣವಾಗಿದೆ. ಪರಿವಿಡಿ ಹಿಡಿದು ಪುಟ ತಾಳೆ ನೋಡಿದೆ. ಎಂಬತ್ತೆಂಟರವರೆಗೆ ಸರಿ. ಅಲ್ಲಿಂದಾಚೆ ಎಲ್ಲವೂ ತಪ್ಪು. ತೊಂಬತ್ತೆರಡು ಎಂದದ್ದು ತೊಂಬತ್ತೊಂದರಲ್ಲಿ, ನೂರು ಎಂದದ್ದು ತೊಂಬತ್ತೊಂಬತ್ತರಲ್ಲಿ...

"ಏನ್ರೀ ಕಪ್ಪೆ, ಇಡೀ ಅರ್ಧ ತಪ್ಪಿದೆಯಲ್ರೀ!"

"ಅರ್ಧ ತಪ್ಪಿಲ್ಲ ಮೇಡಂ. ಒಂದೇ ತಪ್ಪು. ಒಂದು ಚಿತ್ರದ ಹಾಳೆ ಬಿಟ್ಟುಹೋಗಿದೆ. ಉಳಿದದ್ದೆಲ್ಲ ಸರಿಯಾಗೇ ಇದೆ, ಒಂದೊಂದು ಮನೆ ಜಾರಿದೆ ಅಷ್ಟೇ."

ಪೆನ್ನು ಕೆಳಗಿಟ್ಟೆ. ಕತ್ತರಿ ತೆಗೆದೆ. ಪಾಪ, ಕಪ್ಪೆ ಎರಡು ಹೆಜ್ಜೆ ಹಿಂದೆ ಸರಿದ.

ಡ್ರಾಯರಿನಲ್ಲಿದ್ದ ಪಟ್ಟಿ. ಇಪ್ಪತ್ತಾರನೇ ಚುಕ್ಕಿಯ ಪಕ್ಕ ಕತ್ತರಿಸಿದೆ. ಇಪ್ಪತ್ತೇಳನೇ ಚುಕ್ಕಿ ತೆಗೆದು ಬದಿಗಿಟ್ಟೆ. ಉಳಿದ ಹದಿನಾರನ್ನು ಒಂದು ಮನೆ ಹಿಂದಕ್ಕೆ ತಳ್ಳಿದೆ.

ಹದಿನಾರೂ! ಹದಿನಾರಕ್ಕೆ ಹದಿನಾರೂ ಕೂತವು!

ಇಪ್ಪತ್ತೇಳನೇ ವರ್ಷ ದೋಣಿಯವನು ಏನು ಬರೆದಿದ್ದಾನೆ ನೋಡಿದೆ. "ಈ ವರ್ಷ ಮೊದಲ ಮೆಟ್ಟಿಲೂ ಒದ್ದೆಯಾಗಲಿಲ್ಲ. ದೋಣಿ ಮರಳಿನ ಮೇಲೆ ಕೂತಿದೆ. ನಾನೂ ಕೂತಿದ್ದೇನೆ."

ನೀರೇ ಇಲ್ಲದ ವರ್ಷ ಮರ ಉಂಗುರ ಎಲ್ಲಿಂದ ತರುತ್ತದೆ? ಹಾಳೆ ಬಿಟ್ಟುಹೋಗಿದೆ — ದೋಣಿಯವನ ಪುಸ್ತಕದಲ್ಲಲ್ಲ, ಮರದ ಪುಸ್ತಕದಲ್ಲಿ!

ಮಾರ್ಚ್ ೧೯, ಮಂಗಳವಾರ

ಗೈಡಿನ ಕೋಣೆಗೆ ಹೋಗಲಿಲ್ಲ. ಸೈಕಲ್ ಸ್ಟ್ಯಾಂಡಿನಲ್ಲಿ ಮರವನ್ನು ಹಿಡಿದೆ. ಪಟ್ಟಿ ನೋಡಿದವನು ಅಲ್ಲೇ ಸೈಕಲ್ಲಿನ ಮೇಲೆ ಕೂತುಬಿಟ್ಟ.

"ಆಗುತ್ತೆ ಮೇಡಂ. ಬರ ಬಿದ್ರೆ ಕೆಲವು ಮರ ಆ ವರ್ಷ ಉಂಗುರಾನೇ ಹಾಕಲ್ಲ. ನಾನು ಎಣಿಸಿದ್ದು ಒಣ ದಂಡೆ ಮೇಲಿನ ಮರಗಳನ್ನ. ನೀರಂಚಿನ ಮರದ ಕಾಂಡ ಅಡ್ಡ ಕೊಯ್ದ ಬಿಲ್ಲೆಯೊಂದು ಗೋಡೌನಲ್ಲಿ ಬಿದ್ದಿದೆ, ಇನ್ನೂ ಉಜ್ಜಿಲ್ಲ. ಅದರಲ್ಲಿ ಸಿಕ್ಕಿದ್ರೆ..."

"ಸಿಕ್ಕಿದ್ರೆ ನಿಮ್ಮ ಥೀಸಿಸ್ ತಪ್ಪಾಗಲ್ವಾ?"

ಲೆಕ್ಕ ಹಾಕಿದ. "ಆಗುತ್ತೆ. ಅದಕ್ಕಿಂತ ಹಳೇ ಅರವತ್ತನಾಲ್ಕು ಉಂಗುರಕ್ಕೂ ಒಂದೊಂದು ವರ್ಷ ತಪ್ಪು ಬರೆದಿದ್ದೀನಿ ಅಂತಾಗುತ್ತೆ." ಮುಖ ಒರೆಸಿಕೊಂಡ. "ತಪ್ಪಿದ್ರೆ ತಪ್ಪೇ. ಉಜ್ಜೋಣ ಬನ್ನಿ."

ಈ ಹುಡುಗನ ಗ್ರಾಫನ್ನು ಮೂರು ಸಲ ವಾಪಸ್ ಕಳಿಸಿದೆನಲ್ಲ, ನನ್ನ ಕೈಗಿಷ್ಟು.

ಮಾರ್ಚ್ ೨೦, ಬುಧವಾರ

ಅರ್ಧ ದಿನ ರಜೆ. ಕಾರಣ: ಸ್ವಂತ ಕೆಲಸ. ಗೋಡೌನಿನಲ್ಲಿ ಮೂವರೂ ಸ್ಯಾಂಡ್‌ಪೇಪರ್ ಹಿಡಿದು ಕೂತೆವು. ದಪ್ಪದ್ದು, ಸಣ್ಣದ್ದು, ಅದಕ್ಕಿಂತ ಸಣ್ಣದ್ದು. ದೋಣಿ ಸ್ಕೂಲಿನ ಕತೆ ಹೇಳಿ ನಗಿಸಿದಳು. ಸೀರೆ ತುಂಬ ಮರದ ಪುಡಿ. ಇವರು ನೋಡಿ, "ಆಫೀಸಲ್ಲಿ ಏನು ಕೆಲಸ ಕೊಟ್ಟಿದ್ದಾರೆ ನಿನಗೆ?" ಅಂದರು.

ಮಾರ್ಚ್ ೨೧, ಗುರುವಾರ. ಸಂಜೆ ೬

ಇದನ್ನು ಇವತ್ತೇ ಬರೆದಿಡಬೇಕು.

ದೋಣಿಯ ಉಪಾಯ: ಎಣಿಸುವವರು ನಾವಾಗಬಾರದು. ಗೈಡೇ ಎಣಿಸಲಿ, ಎಲ್ಲಿ ಏನು ಅಂತ ಹೇಳದೆ. ಬಿಟ್ಟುಹೋದ ಉಂಗುರ ತೊಗಟೆಯಿಂದ ಎಷ್ಟನೇದಿರಬೇಕು ಎಂದು ನಾನು ಪಟ್ಟಿ ನೋಡಿ ಲೆಕ್ಕಹಾಕಿ, ಚೀಟಿಯಲ್ಲಿ ಆ ಸಂಖ್ಯೆ ಬರೆದು, ಕವರಿಗೆ ಹಾಕಿ, ಅಂಟಿಸಿ, ಅವರದೇ ಟೇಬಲ್ಲಿನ ಮೇಲಿಟ್ಟೆ. "ಇದೇನು ಜಾದೂನಾ?" ಅಂದರು. ಆದರೂ ಮೈಕ್ರೋಸ್ಕೋಪ್ ಕೆಳಗೆ ಬಿಲ್ಲೆ ಇಟ್ಟುಕೊಂಡರು. ಒಣ ದಂಡೆಯ ಬಿಲ್ಲೆ ಪಕ್ಕದಲ್ಲಿ. ತೊಗಟೆಯಿಂದ ಒಳಕ್ಕೆ ಎಣಿಸುತ್ತ, ಹತ್ತಕ್ಕೊಂದು ಗುಂಡುಪಿನ್ನು ಚುಚ್ಚುತ್ತ ಹೋದರು. ಎರಡೂವರೆ ತಾಸು.

ನೂರು. ನೂರಾ ಹತ್ತು. ಆಮೇಲೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಇಲ್ಲೊಂದಿದೆಯಲ್ಲ... ಕೂದಲಷ್ಟು. ಆ ಬಿಲ್ಲೆಯಲ್ಲಿ ಇದಿಲ್ಲ."

"ಎಷ್ಟನೇದು ಸರ್?" ಎಂದ ಮರ.

"ನೂರಾ ಹದಿನೇಳು."

ಕವರು ಅವರೇ ಒಡೆದರು. ಚೀಟಿ ಓದಿದರು. ಮತ್ತೆ ಓದಿದರು. ೧೧೭.

ದೋಣಿ ಆಗ ಅತ್ತಳು. ಏಳು ವರ್ಷದ್ದು ಒಟ್ಟಿಗೆ. ಮರ ತನ್ನ ಥೀಸಿಸ್ ತಪ್ಪಾದ ಖುಷಿಗೆ ಕುಣಿಯುತ್ತಿದ್ದ — ಇಂಥ ಹುಚ್ಚನನ್ನು ನಾನು ಕಂಡಿಲ್ಲ. ಪ್ರೊಫೆಸರ್ ಎದ್ದುನಿಂತರು. "ಮೇಡಂ, ಆನೆ ನಿಜವಾಗ್ಲೂ ಇತ್ತು. ಹಗ್ಗ ತನ್ನಿ ಅಂತ ನಾನೇ ಹೇಳಬೇಕಿತ್ತು. ಕ್ಷಮಿಸಿ."

ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳು ಏಕೆ? ಅದಕ್ಕಿಂತ ಹೆಚ್ಚು. ನಾನು ಗೆದ್ದೆ. ಬರೆದಿಡುತ್ತೇನೆ: ಗೆದ್ದೆ.

ಮಾರ್ಚ್ ೨೭, ಬುಧವಾರ

ತಿದ್ದಿದ ಥೀಸಿಸ್ ಒಳಗೆ ಹೋಯಿತು. ಒಂದು ದಿನ ಉಳಿಸಿಕೊಂಡು. ಜೊತೆಗೆ ಪ್ರೊಫೆಸರ್ ಪತ್ರ, ಎರಡೂ ಬಿಲ್ಲೆಯ ಫೋಟೊ. ದೋಣಿಯವನ ನಲವತ್ತಮೂರು ವರ್ಷಕ್ಕೂ ಈಗ ಇಸವಿ ಇದೆ. ಬಾಗಿಲು ತೇಲಿಬಂದದ್ದು ಯಾವ ವರ್ಷ ಅಂತ ನನಗೆ ಗೊತ್ತು!

ಜೂನ್ ೧೪, ಶುಕ್ರವಾರ

ದೋಣಿಯ ವೈವಾ. ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮೆಮೊ ಇದೆಯಲ್ಲ, ಊಟದ ವಿರಾಮದಲ್ಲೇ ಹೋದದ್ದು. ಪಕ್ಕದಲ್ಲಿ ದೋಣಿಯ ಮಗಳು, ಉಗುರು ಕಚ್ಚುತ್ತ.

ಆ ಪತ್ರ ಬರೆದಿದ್ದ ಪರೀಕ್ಷಕರೇ ಬಂದಿದ್ದರು. ಪಟ್ಟಿ ಮತ್ತು ಗ್ರಾಫಿನ ಚಿತ್ರದ ಮೇಲೆ ಬೆರಳಿಟ್ಟು ಕೇಳಿದರು: "ಈ ಎರಡನ್ನ ಹೊಂದಿಸಿದ್ದು ಯಾರು? ನೀವಾ, ಸಸ್ಯಶಾಸ್ತ್ರದವರಾ?"

"ನಾನಲ್ಲ ಸರ್" ಎಂದಳು ದೋಣಿ. "ನಾನೂ ಅಲ್ಲ" ಎಂದ ಮರ, ಬಾಗಿಲ ಹತ್ತಿರದಿಂದ. ಇಬ್ಬರೂ ತಿರುಗಿ ನನ್ನ ಕಡೆ ನೋಡಿದರು. ಇಡೀ ಹಾಲ್ ತಿರುಗಿತು. ಎದ್ದುನಿಲ್ಲಬೇಕೋ ಬೇಡವೋ ತಿಳಿಯದೆ ಅರ್ಧ ಎದ್ದೆ.

"ನೀವು ಯಾವ ವಿಭಾಗ?"

"ಮಾರ್ಜಿನ್" ಅಂದುಬಿಟ್ಟೆ.

ನಗು. ಆಮೇಲೆ ಚಪ್ಪಾಳೆ. ಮೊದಲು ಶುರು ಮಾಡಿದವರು ಪರೀಕ್ಷಕರೇ. ದೋಣಿ ಡಾಕ್ಟರ್ ಆದಳು. ಅತ್ತೆಗೆ ಮೂರು ಸಲ ಹೇಳಿದೆ, ಮೂರು ಸಲವೂ ಮೊದಲ ಸಲದಂತೆ ಕೇಳಿದರು.

ಜುಲೈ ೩, ಬುಧವಾರ. ಸಂಜೆ

ದೋಣಿ ತನ್ನ ಅಂತಿಮ ಪ್ರತಿಯನ್ನು ಇವತ್ತು ತಾನೇ ನನ್ನ ಟೇಬಲ್ಲಿಗೆ ತಂದು ಎದುರಿಗೆ ಕೂತಳು, ಬೈಂಡಿಂಗಿಗೆ ಮುಂಚೆ ಅಳೆಸಲು. ಸ್ಕೇಲ್ ತೆಗೆದೆ. ಬೆನ್ನ ಹಿಂದೆ ನೆರಳು. ಸೂಪರಿಂಟೆಂಡೆಂಟರು. ಶುರುವಾಯಿತು ಅಂದುಕೊಂಡೆ.

"ಕೊಡಿ ಇಲ್ಲಿ ಸ್ಕೇಲು" ಎಂದು ಕುರ್ಚಿ ಎಳೆದುಕೊಂಡರು. "ನಾನು ಅಳೀತೀನಿ. ನೀವು ಓದಿ."

ಓದಿದೆ. ಜೋರಾಗಿ. ಕೋಳಿ, ಬಾಗಿಲು, ಮರಳಿನ ಮೇಲಿನ ದೋಣಿ. ಅವರು ತಲೆ ಅಲ್ಲಾಡಿಸುತ್ತ ಹಾಳೆ ಹಾಳೆ ಅಳೆದರು. ನನ್ನ ಪಟ್ಟಿಯ ಚಿತ್ರ ಬಂದಾಗ ಕೈ ನಿಂತಿತು. ಬಗ್ಗಿ ನೋಡಿದರು. "ಕಾಲು ಇಂಚು ಜಾಸ್ತಿ" ಎಂದರು. "ವಾಪಸ್."

ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು ದೋಣಿ ಮತ್ತು ನಾನು. ಒಂದು ತಾಸಿನಲ್ಲಿ ತಿದ್ದಿ ತಂದಳು. ನನಗೆಂದೇ ಒಂದು ಪ್ರತಿ ಕೊಟ್ಟು, ಏಳನೇ ಪುಟ ಮನೆಗೆ ಹೋಗಿಯೇ ನೋಡಬೇಕು ಎಂದು ಆಣೆ ಹಾಕಿಸಿಕೊಂಡಳು.

"ಇವತ್ತು ಯಾರು ಡಾಕ್ಟರ್ ಆದ್ರು?" ಅಂದರು ಅತ್ತೆ. ಪಕ್ಕದಲ್ಲಿ ಕೂತು ಏಳನೇ ಪುಟ ತೆರೆದೆ. ಓದಿದೆ: "ಈ ಪುಸ್ತಕಕ್ಕೆ ಅದರ ಕಾಲವನ್ನು ಹುಡುಕಿಕೊಟ್ಟವರು, ಪ್ರಬಂಧ ವಿಭಾಗದ..."

ಮುಂದೆ ನನ್ನ ಹೆಸರು. ಅಚ್ಚಿನಲ್ಲಿ, ಪೂರ್ತಿ, ಇನಿಷಿಯಲ್ ಸಮೇತ. ಬೆರಳಿಟ್ಟು ಮತ್ತೊಮ್ಮೆ ನೋಡಿದೆ.

ಅತ್ತೆಗೆ ಅರ್ಥವಾಯಿತು. "ನಿಲ್ಲು, ನಿಲ್ಲು! ಓದ್ಬೇಡ. ಅವನೂ ಬರ್ಲಿ. ಅವನ ಎದುರಿಗೇ ಓದು, ಜೋರಾಗಿ."

ಇವರು ಸ್ನಾನಕ್ಕೆ ಹೋಗಿದ್ದಾರೆ. ಪುಟದ ನಡುವೆ ಎಡಗೈ ಬೆರಳಿಟ್ಟುಕೊಂಡು ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಅತ್ತೆ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ. ನೀರು ನಿಂತಿತು. ಚಿಲಕದ ಸದ್ದು. "ಏನಂತೆ ಇಬ್ರದ್ದೂ?" ಎನ್ನುತ್ತ ಬರುತ್ತಿದ್ದಾರೆ. ಅತ್ತೆ ನನ್ನ ಮೊಣಕೈ ತಿವಿಯುತ್ತಿದ್ದಾರೆ, ಓದು, ಓದು ಅಂ—