‘ಎಂತ ಇಲ್ಲ’ ಎಂದವರ ಎದೆಯ ಲೆಕ್ಕ

ಹೃದಯ ಶಸ್ತ್ರಚಿಕಿತ್ಸಾ ಮಂಜೂರಾತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ತೊಕ್ಕೊಟ್ಟಿನ ಉಮರಬ್ಬನವರ ಕಡತದ ಮೇಲೆ ತಾವು ‘ಅಪಾಯ ಹೆಚ್ಚು, ಶಸ್ತ್ರಚಿಕಿತ್ಸೆ ಬೇಡ’ ಎಂದು ಬರೆದಿದ್ದೀರಿ. ಅವರ ಎದೆಯೊಳಗಿನ ಮಹಾಪಧಮನಿ ಊದಿಕೊಂಡಿದೆ. ಅದು ಒಡೆದರೆ ಆಸ್ಪತ್ರೆ ತಲುಪುವಷ್ಟು ಹೊತ್ತೂ ಸಿಗಲಿಕ್ಕಿಲ್ಲ ಎಂದು ವೈದ್ಯರೇ ಹೇಳಿದ್ದಾರೆ. ಅಂದರೆ ಸಣ್ಣ ಅಪಾಯಕ್ಕೆ ಹೆದರಿ ದೊಡ್ಡ ಅಪಾಯವನ್ನು ಮಂಜೂರು ಮಾಡಿದ್ದೀರಿ, ಅಭಿನಂದನೆಗಳು! ಈ ಪತ್ರದಲ್ಲಿ ನಗು ಜಾಸ್ತಿಯಾದರೆ ಕ್ಷಮಿಸಿ. ಇದೇ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ನನ್ನ ಅಪ್ಪ ಮೊನ್ನೆಯಷ್ಟೇ ಮನೆಗೆ ಬಂದಿದ್ದಾರೆ. ಅಂದಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಅಪ್ಪ ದೇವದಾಸ್ ನಲವತ್ತು ವರ್ಷ ಮೀನುಗಾರಿಕೆ ಬೋಟು ನಡೆಸಿದ ತಾಂಡೇಲ. ಬಂದರಿನ ದಕ್ಕೆಗೆ ಮರಳಿದ ಬೋಟಿನವರನ್ನು ‘ಮೀನು ಉಂಟಾ?’ ಎಂದು ಕೇಳಿ ನೋಡಿ. ಬೋಟಿನ ತುಂಬಾ ಬಂಗುಡೆ ಇದ್ದರೂ ‘ಎಂತ ಇಲ್ಲ ಮಾರಾಯ’ ಎಂಬುದೇ ಉತ್ತರ. ಇದ್ದದ್ದನ್ನು ಇದೆ ಎಂದರೆ ದೃಷ್ಟಿ ತಾಗುತ್ತದೆ. ಮೇಲಾಗಿ ನಾಳೆ ಪಕ್ಕದ ಬೋಟಿನವರೂ ಅಲ್ಲಿಯೇ ಬಲೆ ಹಾಕುತ್ತಾರೆ. ಇಂಥ ಮನುಷ್ಯನನ್ನು ತಮ್ಮ ಸಮಿತಿಯ ಪ್ರಶ್ನೆಗಳ ನಮೂನೆಯ ಮುಂದೆ ಕೂರಿಸಲಾಯಿತು.

“ನಡೀಲಿಕ್ಕೆ ಆಗ್ತದಾ?” ಎಂದು ನರ್ಸ್ ಕೇಳಿದರು.

“ಎಂತ ನಡೆಯುವುದು ಸಿಸ್ಟರ್, ಪ್ರಾಯ ಆಯ್ತಲ್ಲ.”

“ಮೆಟ್ಟಿಲು ಹತ್ತುವಾಗ ದಮ್ಮು ಕಟ್ತದಾ?”

“ಕಟ್ಟದೆ ಇರ್ತದಾ?”

ನಡೆಯಲಾರರು, ಹತ್ತಲಾರರು ಎಂದು ಗುರುತು ಬಿತ್ತು. ಶಸ್ತ್ರಚಿಕಿತ್ಸೆಯಲ್ಲಿ ಸಾಯುವ ಸಾಧ್ಯತೆ ಶೇಕಡಾ ಹನ್ನೊಂದು ಎಂದಿತು ಕಂಪ್ಯೂಟರ್. ಬೇಡ ಎಂದಿತು ಸಮಿತಿ.

ಆ ಮಧ್ಯಾಹ್ನ ಆಸ್ಪತ್ರೆಯ ಗಂಜಿ ರುಚಿಸದೆ, ಹೀಗೆ ನಡೆಯಲಾರದ, ಹತ್ತಲಾರದ ನನ್ನ ಅಪ್ಪ ನಾಲ್ಕನೇ ಮಹಡಿಯಿಂದಿಳಿದು, ರಸ್ತೆ ದಾಟಿ, ನೀರುದೋಸೆ ತಿಂದು, ಲಿಫ್ಟಿನ ಕ್ಯೂ ಕಂಡು ಬೇಸರವಾಗಿ ಮೆಟ್ಟಿಲು ಹತ್ತಿಯೇ ವಾಪಸು ಬರುತ್ತಿದ್ದರು. ಎದುರಿಗೆ ಸಿಕ್ಕವರು ಶಸ್ತ್ರಚಿಕಿತ್ಸಕಿ ಡಾಕ್ಟರ್ ಎಲೇನ್.

“ನಿಮಗೆ ಹತ್ತಲಿಕ್ಕೆ ಆಗುವುದಿಲ್ಲ ಅಂತ ಫೈಲಿನಲ್ಲಿ ಉಂಟಲ್ಲ?”

“ಆಗುವುದು ಆಗ್ತದೆ ಡಾಕ್ಟ್ರೇ. ಆದ್ರೆ ಕೇಳಿದವರಿಗೆಲ್ಲ ಆಗ್ತದೆ ಅಂತ ಹೇಳ್ಲಿಕ್ಕೆ ಆಗ್ತದಾ?”

ಡಾಕ್ಟರ್ ಮೆಟ್ಟಿಲ ಮೇಲೆಯೇ ಕೂತು ನಕ್ಕರು. ಆಮೇಲೆ ಅಪ್ಪನನ್ನು ವರಾಂಡದಲ್ಲಿ ನಡೆಸಿದರು, ಶ್ವಾಸಕೋಶ ಪರೀಕ್ಷಿಸಿದರು, ನಮೂನೆಯನ್ನು ಹೊಸದಾಗಿ ತುಂಬಿದರು. ಹನ್ನೊಂದು ಇದ್ದದ್ದು ನಾಲ್ಕಾಯಿತು, ಮಂಜೂರಾತಿಯೂ ಬಂತು. ಈಗ ಅಪ್ಪ ಸಾರಿಗೆ ಉಪ್ಪು ಸಾಲದೆಂದು ಅಮ್ಮನ ಜೊತೆ ಜಗಳವಾಡುತ್ತಿದ್ದಾರೆ. ಆ ಜಗಳದಷ್ಟು ಇಂಪಾದ ಸಂಗೀತ ನಾನು ಕೇಳಿಲ್ಲ!

ಮಾನ್ಯರೇ, ಕಂಪ್ಯೂಟರಿನ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಕೊಟ್ಟದ್ದನ್ನು ಅದು ಕೂಡಿಸುತ್ತದೆ. ರಕ್ತದ ಸಕ್ಕರೆಯನ್ನು ಎರಡೆರಡು ಸಲ ಅಳೆಯುವ ತಾವು, ಒಬ್ಬ ಮನುಷ್ಯ ಗೊಣಗಿದ ಮಾತನ್ನು ಒಂದೇ ಸಲಕ್ಕೆ ನಂಬುವುದು ಯಾವ ವಿಜ್ಞಾನ? ಜಂಭ ಕೊಚ್ಚಿದವನಿಗೆ ಶಸ್ತ್ರಚಿಕಿತ್ಸೆ, ತಗ್ಗಿ ಮಾತಾಡಿದವನಿಗೆ ಮನೆದಾರಿಯೇ? ಉಮರಬ್ಬನವರು ಇಪ್ಪತ್ತು ವರ್ಷ ಅಪ್ಪನ ಬೋಟಿನಲ್ಲೇ ಇಂಜಿನ್ ನೋಡಿಕೊಂಡವರು. ಈಗಲೂ ದಿನಾ ಮಾರ್ಕೆಟಿಗೆ ನಡೆದು ಹೋಗಿ ಬರುತ್ತಾರೆ. ತಮ್ಮ ನಮೂನೆಯಲ್ಲಿ ಅವರೂ ‘ನಡೆಯಲಾರರು’.

ಮನೆಯವರನ್ನು ಕೇಳಿದರಾಯಿತು ಎನ್ನುತ್ತೀರಾ? ಅಪ್ಪನ ಪಕ್ಕದ ಕುರ್ಚಿಯಲ್ಲಿ ನಾನಿದ್ದೆ. ‘ಹೌದಾ?’ ಎಂದು ನರ್ಸ್ ನನ್ನತ್ತ ನೋಡಿದರು. ಅಪ್ಪ ಪ್ರತಿ ಬೆಳಿಗ್ಗೆ ಪಣಂಬೂರಿನ ಕಡಲತೀರದಲ್ಲಿ ಒಂದು ಗಂಟೆ ನಡೆಯುವುದು ನನಗೆ ಚೆನ್ನಾಗಿ ಗೊತ್ತಿತ್ತು. ದೃಷ್ಟಿಯಾದೀತೆಂದು ನಾನೂ ಹೌದೆಂದು ತಲೆಯಾಡಿಸಿದೆ. ಅಪ್ಪನಿಗೆ ಆ ದಿನ ದೋಸೆಯ ಆಸೆ ಹುಟ್ಟದಿದ್ದರೆ, ನನ್ನ ಆ ತಲೆಯಾಟವೇ ಅವರನ್ನು ಕೊಲ್ಲುತ್ತಿತ್ತು.

ಆದ್ದರಿಂದ ನಮ್ಮನ್ನು ಕೇಳಬೇಡಿ, ನಡೆಸಿ ನೋಡಿ. ಗುರುವಾರದ ತಮ್ಮ ಸಭೆಗೆ ಮೊದಲೇ ಉಮರಬ್ಬನವರನ್ನು ಕರೆಸಿ, ಆರು ನಿಮಿಷ ನಡೆಸಿ, ಆಮೇಲೆ ಲೆಕ್ಕ ಹಾಕಿ. ಆಗಲೂ ಬೇಡವೆಂದು ಬಂದರೆ ನಾನು ಬಾಯಿ ಮುಚ್ಚುತ್ತೇನೆ. ಮುಚ್ಚಿಕೊಂಡು ಕೂತು ನನಗೆ ಅಭ್ಯಾಸವಿದೆ.

ಇಂತಿ,
ಹೇಳಬೇಕಾದಾಗ ಹೇಳದೆ ಈಗ ಊರಿಗೆಲ್ಲ ಹೇಳುತ್ತಿರುವ
ಸೌಜನ್ಯ, ಪಣಂಬೂರು