ಮೇಜಿನ ಪಾತ್ರದವನ ಕೋರಿಕೆ

ನಿರ್ದೇಶಕರಿಗೆ ನಮಸ್ಕಾರ.

ಈ ನಾಟಕವನ್ನು ಮೊದಲು ಓದಿದ ದಿನ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ‘ಮನೆಯಲ್ಲಿ ಮೇಜಿಲ್ಲ, ಅಜ್ಜನೇ ಮೇಜು’ ಎಂದು ಒಂದು ಸಾಲು. ಹಾಳೆ ತಿರುಗಿಸಿದರೆ ಮುಗಿಯಿತು. ರಂಗದ ಮೇಲೆ ಆ ಸಾಲು ಬೆನ್ನ ಮೇಲೆ ಚಹಾದ ತಟ್ಟೆ ಹೊತ್ತು ಒಂದೂವರೆ ಗಂಟೆ ಅಂಗೈ, ಮೊಣಕಾಲೂರಿ ನಿಲ್ಲಬೇಕು. ಓದುವಾಗ ಮೇಜಿಗೆ ಮಂಡಿ ಇರಲಿಲ್ಲ.

ನಿನ್ನೆ ನಾಟಕ ಮುಗಿದು ಉಳಿದ ನಟರೆಲ್ಲ ಒಳಗೆ ಹೋದರು. ನನಗೆ ಏಳಲಾಗಲಿಲ್ಲ. “ಯಾರಾದ್ರೂ ಸ್ವಲ್ಪ ಎತ್ರಪ್ಪಾ, ಮಂಡಿ ಹಿಡ್ಕೊಂಡಿದೆ” ಎಂದು ಕೂಗಿದೆ. ಜನ ಬಿದ್ದು ಬಿದ್ದು ನಕ್ಕರು, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೊನೆಗೆ ಮುಂದಿನ ಸಾಲಿನಲ್ಲಿದ್ದ ನನ್ನವಳೇ ಹತ್ತಿ ಬಂದು ಎತ್ತಿದಳು. ಅವಳಿಗೂ ಚಪ್ಪಾಳೆ ಬಿತ್ತು. ನೀವು ಓಡಿ ಬಂದು, “ಅದ್ಭುತ ಸಾರ್! ದಿನಾ ಹೀಗೇ ಮುಗಿಸೋಣ” ಎಂದು ಬೆನ್ನು ತಟ್ಟಿದಿರಿ.

ನಾಟಕದ ಮೇಲೆ ನನಗೇನೂ ಸಿಟ್ಟಿಲ್ಲ. ಬೆಳಿಗ್ಗೆ ದಿಂಬಿಗೊರಗಿ ಮತ್ತೆ ಓದಿದೆ. ಈಗಲೂ ನಗು ಬಂತು. ನಿಮ್ಮಿಷ್ಟದಂತೆ ಆ ಕೂಗೂ ಇರಲಿ. ಆದರೆ ನನ್ನವಳು, “ಒಂದ್ಸಲ ನೋಡಿದ್ದು ಸಾಕು” ಎಂದಿದ್ದಾಳೆ. ಇವತ್ತು ನಾನು ಕೂಗಿದಾಗ ದಯವಿಟ್ಟು ಯಾರಾದರೂ ಬನ್ನಿ.

ಇಂತಿ,
ನಿಮ್ಮ ಮೇಜು