ಬೈಗುಳ ತಿಂದು ಅರಳಿದ ಲಿಲ್ಲಿ

ಭಾನುವಾರ, ಬೆಳಗ್ಗೆ

ಮುನಿಸಿಕೊಂಡು ತಮ್ಮನ ಮನೆಯಲ್ಲಿ ಕೂತಿರುವ ನಮ್ಮ ಗಡಿಯಾರ ರಿಪೇರಿ ಯಜಮಾನರಿಗೆ,

ನೀವು ಚೆನ್ನಾಗಿದ್ದೀರಿ, ಎರಡು ಹೊತ್ತೂ ಗಡದ್ದಾಗಿ ನಿದ್ದೆ ಹೊಡೆಯುತ್ತೀರಿ ಅಂತ ನಿಮ್ಮ ತಮ್ಮನ ಹೆಂಡತಿ ಹೇಳಿದಳು. ಹಾಗಾಗಿ ಕ್ಷೇಮ ಕೇಳುವ ಕೆಲಸ ತಪ್ಪಿತು. ಹೂ ಬಿಟ್ಟಿದೆ. ಇನ್ನೊಂದು ಸಲ ಬರೆಯಲಾ? ಹೂ ಬಿಟ್ಟಿದೆ! ಫೋನಿನಲ್ಲಿ ಹೇಳಿದರೆ ಮಧ್ಯೆ ಬಾಯಿ ಹಾಕುತ್ತೀರಿ, ಅದಕ್ಕೇ ಈ ಕಾಗದ. ಅರ್ಧಕ್ಕೆ ಶಾಲೆ ಬಿಟ್ಟವಳ ಅಕ್ಷರ, ಕಷ್ಟಪಟ್ಟು ಓದಿಕೊಳ್ಳಿ.

ಹೊರಟ ದಿನ ಆಡಿದ ಮಾತು ನೆನಪಿದೆ ತಾನೆ? ನಿಮ್ಮ ಗುಲಾಬಿಗಳೆಲ್ಲ ಸತ್ತವು ಅಂತ ನಾನು ನಕ್ಕೆ. ನಗದೆ ಏನು ಮಾಡಲಿ? ಕಿಟಕಿ ಕೆಳಗಿನ ಅಂಗೈಯಗಲದ ಮಣ್ಣಿಗೆ ಹೊತ್ತು ಹೊತ್ತಿಗೂ ನೀರು ಕುಡಿಸಿ ಬೇರು ಕೊಳೆಸಿದಿರಿ. ಗಡಿಯಾರದ ಹಾಗೆ ದಿನಾ ಬಿಚ್ಚಿ ನೋಡಿದರೆ ಯಾವ ಗಿಡ ಬದುಕೀತು? ಅದಕ್ಕೆ ನೀವು, ನಿನ್ನ ಬಾಯಿಗೆ ಕಳ್ಳಿಗಿಡಾನೂ ಒಣಗುತ್ತೆ ಕಣೇ, ನಿನ್ನ ಕೈಲಿ ಒಂದೇ ಒಂದು ಹೂ ಅರಳಲಿ, ವಾಪಸು ಬರ್ತೀನಿ, ಇಲ್ಲಾಂದ್ರೆ ಆ ಮಣ್ಣಿಗೆ ಸಿಮೆಂಟು ಬಳಿಸಿಬಿಡು ಅಂದಿರಿ. ಚೀಲ ಎತ್ತಿಕೊಂಡು ಹೊರಟೇಬಿಟ್ಟಿರಿ.

ಮಾರನೇ ದಿನವೇ ನರ್ಸರಿಗೆ ಹೋದೆ. ಗಿಡ ಮುದ್ದಿಸೋಕೆ ನಂಗೆ ಪುರುಸೊತ್ತಿಲ್ಲಮ್ಮ, ನೆಟ್ಟು ಮರೆತರೂ ಬದುಕೋದು ಕೊಡು ಅಂದೆ. ನರ್ಸರಿಯವಳು ಲಿಲ್ಲಿ ಕೊಟ್ಟಳು. ಬೆಳಗ್ಗೆ ಅರಳಿ ಸಂಜೆಗೆ ಮುದುಡುವ ಜಾತಿ, ಮಾರನೇ ದಿನಕ್ಕೆ ಇನ್ನೊಂದು ಮೊಗ್ಗು ತಯಾರು. ಮನೆಗೆ ಬಂದು ಗಿಡಕ್ಕೆ ಕಟ್ಟಿದ್ದ ಚೀಟಿ ನೋಡಿದರೆ ‘ಬಹುವಾರ್ಷಿಕ’ ಅಂತಿದೆ. ಬಿಡಿಸಿ ಬಿಡಿಸಿ ಓದಿದೆ. ಬಹು ವರ್ಷ ಕಾದರೇನೇ ಹೂವು ಅಂತ ತಿಳಿದು ಸಿಟ್ಟು ನೆತ್ತಿಗೇರಿತು. ಅಷ್ಟು ವರ್ಷ ನೀವು ಅಲ್ಲೇ ಕೂತರೆ ಆ ಮನೆಯವರ ಗತಿಯೇನು? ಆದರೂ ನೆಟ್ಟೆ. ನೆನಪಾದಾಗ ನೀರು, ದಿನಾ ಬೈಗುಳ.

ಚಳಿಗೆ ಎಲೆಯೆಲ್ಲ ಒಣಗಿ ನೆಲಕ್ಕಂಟಿತು. ಪಕ್ಕದ ಮನೆ ಮೇಷ್ಟ್ರು ಇಣುಕಿ, ಹೋಯ್ತಲ್ಲಮ್ಮ ಅಂದರು. ಹೋಗಿದ್ದು ನಿಮ್ಮ ತಲೆಗೂದಲು ಅಂದೆ. ಆಮೇಲೆ ಒಳಗೆ ಬಂದು ಬಾಗಿಲು ಹಾಕಿಕೊಂಡು... ಅದು ಬಿಡಿ.

ಚಳಿ ಮುಗಿದರೂ ಏನೂ ಕಾಣಲಿಲ್ಲ. ಸೋತೆ ಅಂತ ಮೇಸ್ತ್ರಿಯನ್ನು ಕರೆಸಿದೆ. ಅವನು ಸಿಮೆಂಟು ಕಲಸಿಟ್ಟು ಸನಿಕೆಯಿಂದ ಒಣಗಿದ್ದನ್ನು ಕೆರೆದ. ಅಡಿಯಲ್ಲಿ ಮಡಿಸಿಟ್ಟ ಬೀಸಣಿಗೆಯಂಥ ಎಳೇ ಹಸಿರು ಮೊಳಕೆಗಳು! ಸತ್ತಿರಲಿಲ್ಲ ರೀ, ಮಲಗಿತ್ತು. ಕೈ ತೆಗಿಯೋ ಅಂತ ನಾನು ಕಿರುಚಿದ ಏಟಿಗೆ ಮೇಸ್ತ್ರಿ ಸನಿಕೆ ಬಿಸಾಕಿ ಗೇಟಿನಾಚೆ ನಿಂತ. ಅಜ್ಜಿ, ನಾನೇನು ಕಳ್ಳನಾ ಅಂದ. ನರ್ಸರಿಯವಳಿಗೆ ಫೋನು ಮಾಡಿದರೆ ಬಿದ್ದು ಬಿದ್ದು ನಕ್ಕಳು. ಬಹು ವರ್ಷ ಕಾಯೋದಲ್ಲ ಅಜ್ಜಿ, ಬಹು ವರ್ಷ ಬಾಳೋದು ಅಂದಳು. ವರ್ಷವರ್ಷ ತಾನೇ ಎದ್ದು ಬರುತ್ತದಂತೆ, ಯಾರೂ ಕರೆಯಬೇಕಾಗಿಲ್ಲವಂತೆ. ನಿಮ್ಮ ಹಾಗಲ್ಲ.

ಇವತ್ತು ಕಿಟಕಿ ತೆಗೆದರೆ ಕಿತ್ತಳೆ ಬಣ್ಣದ ಹೂವು, ನನ್ನಷ್ಟೇ ದೊಡ್ಡದಾಗಿ ಬಾಯಿ ತೆರೆದು ನಿಂತಿದೆ. ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಮೇಷ್ಟ್ರು ಗಾಬರಿಯಲ್ಲಿ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಓಡಿಬಂದರು. ಈಗ ಹೇಳಿ ಅಂದೆ. ನೊರೆ ಸಮೇತ ಒಪ್ಪಿಕೊಂಡರು.

ನಾನು ಗೆದ್ದೆ. ಆಡಿದ ಮಾತು ಉಳಿಸಿಕೊಳ್ಳಿ. ಬರುವಾಗ ಕೈಯಲ್ಲಿ ಗುಲಾಬಿ ಗಿಡ ಕಂಡರೆ ಗೇಟು ತೆಗೆಯುವುದಿಲ್ಲ. ಲಿಲ್ಲಿಯ ಹತ್ತಿರ ಚೆಂಬು ಹಿಡಿದು ಹೋದರೆ ಚೆಂಬೂ ಉಳಿಯುವುದಿಲ್ಲ.

ಇಂತಿ ಗೆದ್ದವಳು,
ನಿಮ್ಮ ಗುಡುಗು

ತಾ.ಕ.: ಕಲಸಿದ ಸಿಮೆಂಟು ದಂಡವಾಗಲಿಲ್ಲ. ಅವತ್ತೇ ಮೇಸ್ತ್ರಿ ಕೈಲಿ ಗಿಡದ ಎದುರಿಗೆ ಒಂದು ಕಟ್ಟೆ ಹಾಕಿಸಿದೆ. ಇಬ್ಬರಿಗೆ ಇಷ್ಟು ಸಾಕಲ್ವಾ ಅಂತ ಅಳತೆ ತೋರಿಸಿದ. ಇನ್ನೂ ಅಗಲ ಮಾಡು, ಆ ಮನುಷ್ಯ ಕಾಲು ಚಾಚಿ ಕೂರ್ತಾರೆ ಅಂದೆ. ಈ ಕಾಗದ ಮುಟ್ಟುವಷ್ಟರಲ್ಲಿ ಇವತ್ತಿನ ಹೂ ಮುದುಡಿರುತ್ತದೆ, ಆದರೆ ದಂಟಿನ ತುಂಬ ಮೊಗ್ಗಿದೆ. ಆತುರವೇನಿಲ್ಲ. ಮೊದಲ ಬಸ್ಸಿಗೆ ಬಂದರೆ ಸಾಕು.